ಅಂದಿನ ಅಳತೆಗೋಲು: ಗ್ವಾಟೆಮಾಲಾ ವರದಿಯ ವಿಮರ್ಶೆ

ಗತಕಾಲದ ಕೃತ್ಯವನ್ನು ಇಂದಿನ ನೀತಿಯಿಂದ ಅಳೆಯಬಹುದೆ ಎಂಬುದು ಇತಿಹಾಸದ ಅಭ್ಯಾಸಿಗಳನ್ನು ಕಾಡುತ್ತ ಬಂದಿರುವ ಪ್ರಶ್ನೆ. ಅಮೆರಿಕದ ಅಧ್ಯಕ್ಷರು ನೇಮಿಸಿದ ಜೈವಿಕ ನೀತಿಶಾಸ್ತ್ರದ ಆಯೋಗವು 2011ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ‘ನೈತಿಕವಾಗಿ ಅಸಾಧ್ಯ’ ಎಂಬ ವರದಿಯು ಇದಕ್ಕೆ ನೀಡಿರುವ ಉತ್ತರ ವಿಚಾರಾರ್ಹವಾದುದು.

1946ರಿಂದ 1948ರವರೆಗೆ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ವೈದ್ಯರು ಡಾ. ಜಾನ್ ಕಟ್ಲರ್ ಅವರ ನೇತೃತ್ವದಲ್ಲಿ ಗ್ವಾಟೆಮಾಲಾ ದೇಶದ ಸೈನಿಕರು, ಬಂದಿಗಳು, ವೇಶ್ಯೆಯರು ಹಾಗೂ ಮಾನಸಿಕ ರೋಗಿಗಳನ್ನು ಸಿಫಿಲಿಸ್, ಗೊನೋರಿಯಾ ಮೊದಲಾದ ರೋಗಗಳ ಸೋಂಕಿಗೆ ಬುದ್ಧಿಪೂರ್ವಕವಾಗಿ ಒಡ್ಡಿದರು. ಪೆನಿಸಿಲಿನ್ ಮೊದಲಾದ ಔಷಧಗಳಿಂದ ಈ ರೋಗಗಳನ್ನು ತಡೆಯಬಹುದೆ ಎಂದು ಪರೀಕ್ಷಿಸುವುದು ಅವರ ಉದ್ದೇಶವಾಗಿತ್ತು. ಹೀಗೆ ಒಡ್ಡಲ್ಪಟ್ಟವರು ಸುಮಾರು 1,300 ಮಂದಿ. ಚಿಕಿತ್ಸೆ ದೊರೆತುದಕ್ಕೆ ದಾಖಲೆಯಿರುವುದು ಅವರಲ್ಲಿ 700ಕ್ಕೂ ಕಡಮೆ ಮಂದಿಗೆ.

ಅಂದಿನ ರೂಢಿಯೇ ಹಾಗಿತ್ತೆಂಬ ಸಮರ್ಥನೆಯನ್ನು ಆಯೋಗವು ಅಂದಿನ ಸಾಕ್ಷ್ಯದಿಂದಲೇ ಖಂಡಿಸಿದೆ. ಕಟ್ಲರ್ ಸೇರಿದಂತೆ ಇದೇ ಸೇವೆಯ ವೈದ್ಯರು 1943–44ರಲ್ಲಿ ಸ್ವದೇಶದ ಇಂಡಿಯಾನಾ ರಾಜ್ಯದ ಟೆರೆ ಹೋಟ್ ಸೆರೆಮನೆಯಲ್ಲಿ ಗೊನೋರಿಯಾ ಪ್ರಯೋಗ ನಡೆಸಿದಾಗ, ಬಂದಿಗಳಿಗೆ ಅಪಾಯವನ್ನು ತಿಳಿಸಿ ಲಿಖಿತ ಸಮ್ಮತಿ ಪಡೆದಿದ್ದರು. ವರದಿಯ ಹೆಸರಾದರೂ 1947ರ ಏಪ್ರಿಲಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಇಂಥ ಪ್ರಯೋಗವನ್ನು ಕುರಿತು ಬಳಸಿದ ಮಾತೇ. ಇದನ್ನು ನಮ್ಮ ದೇಶದಲ್ಲಿ ಮಾಡಲಾಗದೆಂದು ಸರ್ಜನ್ ಜನರಲ್ ಥಾಮಸ್ ಪರಾನ್ ನುಡಿದರೆಂಬುದು ಅದೇ ವರ್ಷ ಕಟ್ಲರ್‌ಗೆ ಬಂದ ಪತ್ರವೊಂದರಲ್ಲಿದೆ. ನಿಯಮವನ್ನು ಅವರು ಬಲ್ಲವರೇ. ಪರದೇಶದ ದುರ್ಬಲರಿಗೆ ಅದು ಸಲ್ಲಬೇಕಿಲ್ಲವೆಂದು ನಡೆದುಕೊಂಡರು. ಈ ವಾದದಲ್ಲಿ ಲೋಪ ಕಾಣುವುದು ಕಷ್ಟ.

ವರದಿಗೆ ಮಿತಿಗಳಿಲ್ಲವೆಂದಲ್ಲ. ಅದರ ಮುಖ್ಯ ಆಕರ, ಕಟ್ಲರ್ 1990ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿ, ಮುಂದೆ ಇತಿಹಾಸಕಾರರಾದ ಸೂಸನ್ ರಿವರ್ಬಿಯವರು ಬೆಳಕಿಗೆ ತಂದ ಕಾಗದಪತ್ರಗಳು. ಆದಕಾರಣ ವೈದ್ಯರ ಹೆಸರು, ಹುದ್ದೆ, ಅಳುಕುಗಳೆಲ್ಲ ನಮಗೆ ಗೋಚರಿಸುತ್ತವೆ. ಪೀಡಿತರು ಬಹುಮಟ್ಟಿಗೆ ಪೀಡಿಸಿದವರ ಬರಹದ ಮೂಲಕವೇ ಕಾಣಿಸುತ್ತಾರೆ. ಪ್ರಯೋಗಕ್ಕೊಳಗಾದವರಲ್ಲಿ 83 ಮಂದಿ ಸತ್ತರೆಂದು ಆಯೋಗವು ಲೆಕ್ಕವಿಟ್ಟಿದೆ. ಆ ಸಾವುಗಳಿಗೆ ಪ್ರಯೋಗವೇ ಕಾರಣವೆ ಎಂಬುದನ್ನು ದಾಖಲೆಗಳು ತಿಳಿಸುವುದಿಲ್ಲ.

ಎರಡನೆಯ ಮಿತಿ ಇನ್ನೂ ಗುರುತರವಾದುದು. ಅಧ್ಯಕ್ಷ ಒಬಾಮಾ 2010ರ ಅಕ್ಟೋಬರಿನಲ್ಲಿಯೇ ಕ್ಷಮೆ ಕೋರಿದ್ದರು. ಆದರೆ ಅಮೆರಿಕ ಸರ್ಕಾರದ ಮೇಲೆ ಗ್ವಾಟೆಮಾಲಾದವರು ಹೂಡಿದ ದಾವೆ 2012ರಲ್ಲಿ ವಜಾ ಆಯಿತು. ದೋಷವನ್ನು ಇಷ್ಟು ನಿಷ್ಕೃಷ್ಟವಾಗಿ ನಿರ್ಣಯಿಸಿದ ವರದಿಯು, ಆ ದೋಷದಿಂದ ಹುಟ್ಟಿದ ಋಣವನ್ನು ಗೊತ್ತುಮಾಡಲಿಲ್ಲ. ಒಂದು ಕಾಲವನ್ನು ಅದರ ಅಳತೆಗೋಲಿನಿಂದಲೇ ಅಳೆಯುವ ವಿಧಾನವನ್ನು ಇದರಿಂದ ವಿದ್ಯಾರ್ಥಿಗಳು ಕಲಿಯಬಹುದು. ಅಳತೆಯಾದ ಮೇಲೂ ಸಲ್ಲಿಸದೆ ಉಳಿದುದೇನೆಂದು ಕೇಳುವುದನ್ನೂ ಅವರು ಮರೆಯಬಾರದು.