ಬ್ರೂಜಿನ ಮಳೆಗೆ ಸೂರಿತ್ತು

ಬೆಲ್ಜಿಯಮ್ಮಿನ ವಾಯವ್ಯದಲ್ಲಿ, ಉತ್ತರ ಸಮುದ್ರದ ದಂಡೆಯಿಂದ ಸ್ವಲ್ಪವೇ ಒಳಗಿರುವ ಬ್ರೂಜ್ ನಗರವನ್ನು, ಅಂದರೆ ಸ್ಥಳೀಯರ ಬ್ರುಗ್ಗೆಯನ್ನು, ನೋಡಲು ಬರುವವರಲ್ಲಿ ಬಹುಪಾಲು ಜನ ಒಂದೇ ಹಗಲಿನಲ್ಲಿ ನೋಡಿ ಮುಗಿಸುತ್ತಾರೆ. ಬ್ರಸೆಲ್ಸ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಝೀಬ್ರುಗ್ಗೆ ಬಂದರಿಗೆ ಬರುವ ವಿಹಾರನೌಕೆಗಳ ಪ್ರಯಾಣಿಕರಿಗೆ ಅದು ಇನ್ನೂ ಹತ್ತಿರ. ಇಂಥ ಭೇಟಿಗೆ ಒಂದು ಸಿದ್ಧ ಪಾಠವಿದೆ: ಮಾರ್ಕ್ಟ್ ಎಂಬ ಪೇಟೆಚೌಕ, 83 ಮೀಟರ್ ಎತ್ತರದ ಗಂಟೆಗೋಪುರ ಮತ್ತು ಅದರ 366 ಮೆಟ್ಟಿಲು, ರೋಝೆನ್‌ಹೂಡ್‌ಕಾಯ್ ಎಂಬಲ್ಲಿ ನೀರು ತಿರುಗುವ ಮೂಲೆಯಲ್ಲೊಂದು ಫೋಟೊ, ಅರ್ಧ ಗಂಟೆಯ ದೋಣಿ ಸವಾರಿ, ಚಾಕೊಲೇಟು, ಲೇಸು, ಮರಳಿ ರೈಲು. ಈ ಪಾಠದ ಮುಖ್ಯ ಭಾಗವೆಲ್ಲ ಬಿಸಿಲನ್ನು ನೆಚ್ಚಿಕೊಂಡದ್ದು. ಆದರೆ ಆ ಸೀಮೆಯಲ್ಲಿ ಮಳೆಗಾಲವೆಂದು ಬೇರೆಯಾಗಿ ಹೇಳುವಂಥದ್ದೇನೂ ಇಲ್ಲ; ಯಾವ ತಿಂಗಳಲ್ಲಾದರೂ ಸೋನೆ ಹಿಡಿದು ದಿನವಿಡೀ ಬಿಡದೆ ಇರಬಹುದು. ಹಾಗಾದಾಗ ಪ್ರವಾಸಿಗೆ ಸಿಗುವ ಸಮಾಧಾನವೂ ಸಿದ್ಧವಾಗಿಯೇ ಇದೆ: ಬ್ರೂಜಿಗೆ ಮಳೆ ಒಪ್ಪುತ್ತದೆ, ಬೂದು ಬಣ್ಣದ ಬೆಳಕಿನಲ್ಲಿಯೇ ಅದರ ಮಧ್ಯಯುಗ ಕಾಣಿಸುತ್ತದೆ ಎಂಬ ಮಾತು. ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದು ಪರಿಶೀಲನೆಗೆ ಯೋಗ್ಯವಾದ ಪ್ರಶ್ನೆ.

ಮಳೆ, ಮೌನ ಮತ್ತು ಕದಲದ ನೀರು ಸೇರಿ ಆದ ಬ್ರೂಜಿನ ವಿಷಣ್ಣ ಚಿತ್ರವು ಪ್ರಸಿದ್ಧವಾದದ್ದು ಮಧ್ಯಯುಗದಲ್ಲಿ ಅಲ್ಲ, 1892ರಲ್ಲಿ, ಜಾರ್ಜ್ ರೋಡೆನ್‌ಬಾಖ್ ಬರೆದ ‘ಬ್ರೂಜ್-ಲಾ-ಮೋರ್ತ್’ ಅಥವಾ ‘ಸತ್ತ ಬ್ರೂಜ್’ ಎಂಬ ಫ್ರೆಂಚ್ ಕಾದಂಬರಿಯಿಂದ. ಹೆಂಡತಿಯನ್ನು ಕಳೆದುಕೊಂಡವನೊಬ್ಬ ತನ್ನ ಶೋಕಕ್ಕೆ ತಕ್ಕ ಊರೆಂದು ಇಲ್ಲಿ ನೆಲೆಸುವ ಈ ಕಥೆಯಲ್ಲಿ ನಗರವೇ ಒಂದು ಪಾತ್ರವಾಗಿದ್ದು, ಪುಟಗಳ ನಡುವೆ ನಿರ್ಜನ ಬೀದಿಗಳ ಮತ್ತು ನೀರಂಚಿನ ಮನೆಗಳ ಛಾಯಾಚಿತ್ರಗಳನ್ನು ಸೇರಿಸಲಾಗಿತ್ತು. ಲೇಖಕ ಬ್ರೂಜಿನವನಲ್ಲ, ಗೆಂಟ್ ನಗರದಲ್ಲಿ ಬೆಳೆದು, ಆ ಹೊತ್ತಿಗೆ ಪ್ಯಾರಿಸ್‌ನಲ್ಲಿ ವಾಸವಾಗಿದ್ದವನು. ಅವನ ಓದುಗರು ಸತ್ತ ಊರನ್ನು ಹುಡುಕಿಕೊಂಡು ಬರುತ್ತಿದ್ದಾಗಲೇ ಊರಿನವರು ಬದುಕುವ ದಾರಿ ಹುಡುಕುತ್ತ ಹೊಸ ಬಂದರು ಕಟ್ಟಿಸುತ್ತಿದ್ದರು. 1907ರಲ್ಲಿ ಉದ್ಘಾಟನೆಯಾದ ಆ ಝೀಬ್ರುಗ್ಗೆ ಬಂದರಿನಿಂದಲೇ ಇಂದು ವಿಹಾರನೌಕೆಯ ಜನ ಇಳಿದು ‘ಸತ್ತ’ ನಗರವನ್ನು ನೋಡಲು ಬರುತ್ತಾರೆ. ಮಳೆಯಲ್ಲಿ ಬಲು ಹಳೆಯದೆನಿಸುವ ಬೋನಿಫಾಸಿಯಸ್ ಸೇತುವೆ ಕೂಡ 20ನೆಯ ಶತಮಾನದ ಆರಂಭದ್ದು. 19ನೆಯ ಶತಮಾನದ ಉತ್ತರಾರ್ಧದಿಂದ ಗಾಥಿಕ್ ಶೈಲಿಯನ್ನು ಮತ್ತೆ ತರುವ ಹುಮ್ಮಸ್ಸಿನಲ್ಲಿ ಇಲ್ಲಿನ ಅನೇಕ ಕಟ್ಟಡಗಳ ಮುಂಭಾಗಗಳನ್ನು ಇದ್ದುದಕ್ಕಿಂತ ಹೆಚ್ಚು ಮಧ್ಯಯುಗೀನವಾಗುವಂತೆ ತಿದ್ದಲಾಗಿದೆ. ಅಂದ ಕೆಟ್ಟಿದೆಯೆಂದು ಇದರ ಅರ್ಥವಲ್ಲ, ವಯಸ್ಸು ತಪ್ಪಾಗಿ ತಿಳಿಯುತ್ತದೆ ಅಷ್ಟೆ.

ಮಧ್ಯಯುಗದ ಬ್ರೂಜಿಗೆ ಮಳೆಯೆಂದರೆ ಭಾವವಾಗಿರಲಿಲ್ಲ, ನಷ್ಟದ ಬಾಬತ್ತಾಗಿತ್ತು. 1134ರ ಬಿರುಗಾಳಿಯ ಪ್ರವಾಹವು ಕರಾವಳಿಯನ್ನು ಕೊರೆದು ಝ್ವಿನ್ ಎಂಬ ಅಳಿವೆಯನ್ನು ತೆರೆದ ಮೇಲೆ ಸಮುದ್ರದ ಹಡಗುಗಳು ಡಾಮ್ಮೆಯವರೆಗೆ, ಹೂಳು ತುಂಬುತ್ತ ಹೋದಂತೆ ಇನ್ನೂ ಕೆಳಗಿನ ಸ್ಲಾಯ್ಸ್‌ವರೆಗೆ ಮಾತ್ರ ಬಂದು, ಅಲ್ಲಿ ಸರಕನ್ನು ಸಣ್ಣ ದೋಣಿಗಳಿಗೆ ದಾಟಿಸುತ್ತಿದ್ದವು. ಆ ದೋಣಿಗಳು ನಗರದೊಳಗಿನ ‘ರೆಯನ್’ಗಳ ಮೂಲಕ ಪೇಟೆಗೆ ಬರುತ್ತಿದ್ದವು, ರೆಯನ್ ಎಂದರೆ ರೆಯ್ ಎಂಬ ಹೊಳೆಯ ಕವಲುಗಳನ್ನು ತಿದ್ದಿ, ಅಗೆದು, ದಂಡೆ ಕಟ್ಟಿ ಮಾಡಿದ ಕಾಲುವೆಗಳು. ಇಂಗ್ಲೆಂಡಿನ ಉಣ್ಣೆ ಮತ್ತು ಫ್ಲಾಂಡರ್ಸಿನ ಬಟ್ಟೆ ಇಲ್ಲಿನ ಮುಖ್ಯ ಸರಕಾಗಿದ್ದುದರಿಂದ, ನೆನೆದ ಮೂಟೆಗೆ ಬೆಲೆ ಬಾರದು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದಕ್ಕಾಗಿ 13ನೆಯ ಶತಮಾನದ ಕೊನೆಗೆ ಮಾರ್ಕ್ಟ್ ಚೌಕದ ಪೂರ್ವ ಅಂಚಿನಲ್ಲಿ ‘ವಾಟರ್‌ಹಾಲೆ’, ಅಂದರೆ ನೀರಿನ ಮೇಲಿನ ಮಳಿಗೆ, ಎದ್ದು ನಿಂತಿತು. ಕಾಲುವೆಯ ಮೇಲೆಯೇ ಚಾಚಿದ್ದ ಈ ಉದ್ದನೆಯ ಕಟ್ಟಡದ ಕೆಳಗೆ ದೋಣಿ ನುಗ್ಗಿದರೆ ಹೊರಗೆ ಎಷ್ಟು ಸುರಿದರೂ ಸರಕು ಒಣಗಿದ್ದಂತೆಯೇ ಇಳಿದು ಮೇಲಿನ ದಾಸ್ತಾನಿಗೆ ಸೇರುತ್ತಿತ್ತು. 1787ರಲ್ಲಿ ಅದನ್ನು ಕೆಡವಲಾಯಿತು, ಅಲ್ಲಿನ ನೀರಿನ ಹಾದಿಗೂ ಕಮಾನು ಹೊದಿಸಿ ನೆಲದಡಿಗೆ ಸೇರಿಸಲಾಯಿತು. ಇಂದು ಆ ಜಾಗದಲ್ಲಿರುವುದು ನವಗಾಥಿಕ್ ಶೈಲಿಯ ಪ್ರಾಂತೀಯ ಭವನ. ಕೊಡೆ ಹಿಡಿದ ಪ್ರವಾಸಿಗಳು ಅದರ ಮುಂದೆ ಗಂಟೆಗೋಪುರದ ಫೋಟೊ ತೆಗೆಯುತ್ತಾರೆ. ನಗರದ ಅತ್ಯಂತ ಮಧ್ಯಯುಗೀನ ಕಟ್ಟಡ ಅಲ್ಲಿ ಇಲ್ಲ ಎಂಬುದನ್ನು ಒಂದು ದಿನದ ಪಾಠ ತಿಳಿಸುವುದಿಲ್ಲ, ಏಕೆಂದರೆ ಇಲ್ಲದ ಕಟ್ಟಡಕ್ಕೆ ಟಿಕೆಟ್ ಇರುವುದಿಲ್ಲ.

ಈ ಪಾಠದ ದೊಡ್ಡ ಕೊರತೆ ಆತುರವಲ್ಲ. ಆರು ಗಂಟೆಯಲ್ಲಿಯೂ ಒಂದು ಊರನ್ನು ಚೆನ್ನಾಗಿ ನೋಡಬಹುದು. ಎಲ್ಲರೂ ಅದೇ ನಾಲ್ಕು ಜಾಗಗಳಲ್ಲಿ ಅದೇ ಹೊತ್ತಿನಲ್ಲಿ ನಿಲ್ಲುವಂತೆ ಮಾಡುವುದು ಅದರ ಕೊರತೆ. 2000ದಲ್ಲಿ ಹಳೆಯ ನಗರಕೇಂದ್ರವು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಮತ್ತು 2008ರ ‘ಇನ್ ಬ್ರೂಜ್’ ಚಲನಚಿತ್ರದ ಬಳಿಕ ಊರಿನ ಹೆಸರು ಇನ್ನಷ್ಟು ದೂರ ಹರಡಿತು. ಹಗಲು ಬಂದು ಸಂಜೆ ಹೋಗುವವರಿಂದ ಬೀದಿ ತುಂಬುತ್ತದೆ, ಊರಿಗೆ ಉಳಿಯುವುದು ಕಡಿಮೆ ಎಂಬ ಲೆಕ್ಕದಲ್ಲಿ ನಗರಾಡಳಿತವು 2019ರಲ್ಲಿ ಇಂಥ ಭೇಟಿಗಳ ಪ್ರಚಾರವನ್ನು ನಿಲ್ಲಿಸಲು ಮತ್ತು ಏಕಕಾಲಕ್ಕೆ ಬಂದರಿನಲ್ಲಿ ನಿಲ್ಲುವ ವಿಹಾರನೌಕೆಗಳನ್ನು ಎರಡಕ್ಕೆ ಮಿತಗೊಳಿಸಲು ತೀರ್ಮಾನಿಸಿತು. ಮಳೆ ಈ ಗುಂಪನ್ನು ಚದುರಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ: ತೆರೆದ ದೋಣಿಗಳ ಮುಂದಿನ ಸಾಲು ಕರಗಿ ವೇಫಲ್ ಅಂಗಡಿಯ ಮುಂದೆ ಬೆಳೆಯುತ್ತದೆ, ಗೋಪುರದ ತುದಿಗೆ ಏದುಸಿರು ಬಿಡುತ್ತ ಹತ್ತಿದವರಿಗೆ ಮೋಡದ ಹೊಟ್ಟೆ ಕಾಣುತ್ತದೆ.

ಮಳೆಯ ದಿನದ ನಿಜವಾದ ಪ್ರಯೋಜನ ಬೇರೆಯೇ ಇದೆ. ಅದು ಪ್ರವಾಸಿಯನ್ನು ಸೂರಿನಡಿಗೆ ದೂಡುತ್ತದೆ. ಆ ಸೂರು ಅಂಗಡಿಯದಾಗದೆ ಗ್ರೂನಿಂಗೆ ಸಂಗ್ರಹಾಲಯದ್ದೋ ಸಂತ ಯೋಹಾನನ ಆಸ್ಪತ್ರೆಯದ್ದೋ ಆದರೆ ಅವನ ದಿನ ಗೆದ್ದಂತೆ. ಗ್ರೂನಿಂಗೆಯಲ್ಲಿ ಯಾನ್ ವಾನ್ ಐಕ್ 1436ರಲ್ಲಿ ಮುಗಿಸಿದ ಒಂದು ಮೇರಿಯಮ್ಮನ ಚಿತ್ರವಿದೆ. ಅದರಲ್ಲಿ ಮೊಣಕಾಲೂರಿದ ಮುದಿ ಪಾದ್ರಿ ಯೋರಿಸ್ ವಾನ್ ದೆರ್ ಪಾಲೆ ಚಿತ್ರಕ್ಕೆ ಹಣ ಕೊಟ್ಟವನು. ಬಿಳಿಯ ನಿಲುವಂಗಿಯ ಮೇಲೆ ಸುಕ್ಕುಗಟ್ಟಿದ ಭಾರದ ಮುಖ, ಕೈಯಲ್ಲಿ ತೆರೆದ ಪ್ರಾರ್ಥನಾಪುಸ್ತಕ, ಅದರ ಜೊತೆಗೆ ಓದು ನಿಲ್ಲಿಸಿ ಆಗಷ್ಟೇ ಕಳಚಿದಂತಿರುವ ಕನ್ನಡಕ. ಪಕ್ಕದ ಸಂತ ಜಾರ್ಜನ ಹೊಳೆಯುವ ಕವಚದಲ್ಲಿ ಕೆಂಪು ಮೇಲುಹೊದಿಕೆಯ ಬಿಂಬ ಬಿದ್ದಿದೆ, ಗುರಾಣಿಯಲ್ಲಿ ಚಿತ್ರಕಾರನದೇ ಇರಬಹುದಾದ ಪುಟ್ಟ ಆಕೃತಿಯೊಂದಿದೆ. ರತ್ನಗಂಬಳಿ, ಜರತಾರಿ, ಉಕ್ಕು, ಗಾಜು ಒಂದೊಂದನ್ನೂ ಮುಟ್ಟಿ ಬೆಲೆ ಕಟ್ಟಬಲ್ಲ ಊರಿನವರಿಗಾಗಿ ಬರೆದ ಚಿತ್ರವಿದು. ವ್ಯಾಪಾರದ ಬ್ರೂಜ್ ಯಾವುದೇ ಬೀದಿಗಿಂತ ಇಲ್ಲಿ ನಿಚ್ಚಳವಾಗಿದೆ.

ಆಸ್ಪತ್ರೆಯದು ಇನ್ನೂ ಅಪರೂಪದ ಸಂದರ್ಭ. 12ನೆಯ ಶತಮಾನದಲ್ಲಿ ಆರಂಭವಾದ ಆ ಧರ್ಮಾಸ್ಪತ್ರೆಗೆಂದೇ ಹಾನ್ಸ್ ಮೆಮ್ಲಿಂಗ್ ಚಿತ್ರಿಸಿದ ಸಂತ ಅರ್ಸುಲಾಳ ಅಸ್ಥಿಪೆಟ್ಟಿಗೆ ಇಂದಿಗೂ ಅಲ್ಲಿಯೇ ಇದೆ. 1489ರ ಈ ಪೆಟ್ಟಿಗೆ ಒಂದು ಮೀಟರಿನಷ್ಟೂ ಎತ್ತರವಿಲ್ಲದ, ಚಿನ್ನದ ಲೇಪದ ಮರದ ಪುಟ್ಟ ದೇಗುಲದಂತಿದ್ದು, ಅದರ ಎರಡು ಉದ್ದ ಬದಿಗಳಲ್ಲಿ ಮೂರು ಮೂರು ಚಿತ್ರಗಳಲ್ಲಿ ಸಂತಳ ಯಾತ್ರೆಯೂ ಬಲಿದಾನವೂ ನಡೆಯುತ್ತವೆ. ಒಂದು ಚಿತ್ರದಲ್ಲಿ ಕೊಲೋನ್ ನಗರದ ದಂಡೆಗೆ ದೋಣಿ ತಾಗಿದೆ, ಹೆಂಗಸರು ಇಳಿಯುತ್ತಿದ್ದಾರೆ, ಹಿಂದೆ ಆ ನಗರದ ಮಹಾದೇಗುಲ ಆಗ ಇದ್ದಂತೆಯೇ ಅರ್ಧ ಕಟ್ಟಿದ ಗೋಪುರದೊಂದಿಗೆ ನಿಂತಿದೆ. ನೀರು, ದಂಡೆ, ಹುಟ್ಟು, ಹಗ್ಗ ಎಲ್ಲವನ್ನೂ ದಿನನಿತ್ಯ ಕಂಡವನ ಕೈ ಇದು. ಕಿಟಕಿಯ ಹೊರಗೆ ಸೋನೆ ಬಿಡದೆ ಹಿಡಿದಿದ್ದರೂ ಮೆಮ್ಲಿಂಗ್ ಆ ದಂಡೆಯ ಮೇಲೆ ಬರೆದ ಆಕಾಶ ತಿಳಿಯಾಗಿದೆ.