‘ಶಸ್ತ್ರಗಳನ್ನು ಕೆಳಗಿಡಿರಿ’: ಒಂದು ಯುದ್ಧವಿರೋಧಿ ಕಾದಂಬರಿಯ ವಿಮರ್ಶೆ

ಲೋಕಶಾಂತಿಗಾಗಿಯೂ ಮಾನವನ ಹಕ್ಕುಗಳಿಗಾಗಿಯೂ ಶ್ರಮಿಸಿದ ಮಹಿಳೆಯರನ್ನು ಸ್ಮರಿಸುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದಿದೆ. ಸ್ಮರಣೆ ಸ್ತುತ್ಯವಾದುದೇ, ಆದರೆ ಅದರಲ್ಲಿ ಒಂದು ತೊಡಕೂ ಉಂಟು. ವ್ಯಕ್ತಿಯನ್ನು ಗೌರವಿಸುವ ಸಂಭ್ರಮದಲ್ಲಿ ಆಕೆ ಬರೆದುದನ್ನು ಓದಿ ತೂಗುವ ಕೆಲಸ ಹಿಂದೆ ಬೀಳುತ್ತದೆ. ಆಸ್ಟ್ರಿಯದ ಬರ್ತಾ ಫಾನ್ ಸುಟ್ನರ್ ಅವರ ವಿಷಯದಲ್ಲಿ ಹೀಗೆಯೇ ಆಗಿದೆ. ಆ ದೇಶವು ೧೯೬೬ರಲ್ಲಿ ಹೊರಡಿಸಿದ ಸಾವಿರ ಷಿಲ್ಲಿಂಗಿನ ನೋಟಿನ ಮೇಲೆ ಅವರ ಚಿತ್ರವಿತ್ತು. ೨೦೦೨ರಿಂದ ಎರಡು ಯೂರೋ ನಾಣ್ಯದ ಮೇಲೂ ಅವರ ಮುಖವಿದೆ. ಹೀಗೆ ಅವರ ಮುಖ ಲಕ್ಷಾಂತರ ಜನರ ಕೈಯಲ್ಲಿ ಚಲಾವಣೆಯಾಯಿತು. ಆದರೆ ಅವರಿಗೆ ಕೀರ್ತಿ ತಂದ ಕಾದಂಬರಿಯನ್ನು ಸಾಹಿತ್ಯಕೃತಿಯೆಂದು ಪರಿಗಣಿಸಿ ಓದುವವರು ವಿರಳ. ‘ಅದು ಪ್ರಚಾರ, ಉದ್ದೇಶ ಒಳ್ಳೆಯದು, ಕಲೆ ಸಾಲದು’ ಎಂಬ ಒಂದೇ ಮಾತಿನಲ್ಲಿ ಅದನ್ನು ಗೌರವಪೂರ್ವಕವಾಗಿ ಬದಿಗಿಡುವುದು ರೂಢಿ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕೃತಿಯನ್ನು ಅರಿಯಲು ಅಗತ್ಯವಾದಷ್ಟು ಜೀವನವೃತ್ತಾಂತವನ್ನು ಮೊದಲು ಹೇಳಬಹುದು. ಬರ್ತಾ ಹುಟ್ಟಿದ್ದು ೧೮೪೩ರ ಜೂನ್ ೯ರಂದು, ಪ್ರಾಗ್ ನಗರದಲ್ಲಿ, ಕಿನ್ಸ್ಕಿ ಎಂಬ ಶ್ರೀಮಂತ ಮನೆತನದಲ್ಲಿ. ತಂದೆ ಆಸ್ಟ್ರಿಯದ ಸೇನೆಯಲ್ಲಿ ಉನ್ನತ ಪದವಿಯಲ್ಲಿದ್ದವರು. ಮಗಳು ಹುಟ್ಟುವ ಮೊದಲೇ ತೀರಿಕೊಂಡರು. ಮನೆಯ ಹಣ ಕರಗಿದ ಮೇಲೆ ಆಕೆ ೧೮೭೩ರಲ್ಲಿ ವಿಯೆನ್ನಾದ ಸುಟ್ನರ್ ಕುಟುಂಬದ ಹೆಣ್ಣುಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದರು. ಆ ಮನೆಯ ಮಗ ಆರ್ಟುರ್ ತನಗಿಂತ ಏಳು ವರ್ಷ ಕಿರಿಯನಾದ ಕಾರಣ ಅವರಿಬ್ಬರ ಪ್ರೇಮಕ್ಕೆ ಮನೆಯವರ ಒಪ್ಪಿಗೆ ದೊರೆಯಲಿಲ್ಲ. ೧೮೭೬ರಲ್ಲಿ ಬರ್ತಾ ಪ್ಯಾರಿಸಿಗೆ ಹೋಗಿ ಆಲ್‌ಫ್ರೆಡ್ ನೊಬೆಲ್‌ರ ಬಳಿ ಕಾರ್ಯದರ್ಶಿಯಾಗಿ ಕೆಲವೇ ದಿನ ಇದ್ದು, ಮರಳಿ ಬಂದು ಆರ್ಟುರನನ್ನು ಗುಟ್ಟಾಗಿ ವಿವಾಹವಾದರು. ದಂಪತಿಗಳು ೧೮೮೫ರವರೆಗೆ ಕಾಕಸಸ್ ಪ್ರಾಂತದ ಜಾರ್ಜಿಯದಲ್ಲಿ ಪಾಠ ಹೇಳಿ, ಲೇಖನ ಬರೆದು ಕಷ್ಟದಿಂದ ಕಾಲ ಕಳೆದರು. ಸೇನಾಪತಿಯ ಮಗಳಾಗಿ ಹುಟ್ಟಿ, ಸಂಬಳಕ್ಕೆ ದುಡಿದು, ಪರದೇಶದಲ್ಲಿ ಬದುಕಿದ ಈ ಅನುಭವವೇ ಅವರ ಬರವಣಿಗೆಯ ಬಂಡವಾಳ.

‘ಶಸ್ತ್ರಗಳನ್ನು ಕೆಳಗಿಡಿರಿ’ ಎಂಬರ್ಥದ ಹೆಸರಿನ ಜರ್ಮನ್ ಕಾದಂಬರಿ ೧೮೮೯ರಲ್ಲಿ ಎರಡು ಸಂಪುಟಗಳಾಗಿ ಡ್ರೆಸ್ಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲು ಹಲವು ಪತ್ರಿಕೆಗಳು ಹಸ್ತಪ್ರತಿಯನ್ನು ಹಿಂದಕ್ಕೆ ಕಳುಹಿದ್ದವು. ಪ್ರಕಾಶಕರಾದ ಪೀರ್ಸನ್ ಸಹ ಹಿಂಜರಿದು, ಅನುಭವಸ್ಥನಾದ ರಾಜಕಾರಣಿಯೊಬ್ಬನಿಂದ ಅದನ್ನು ತಿದ್ದಿಸಿ ಆಕ್ಷೇಪಾರ್ಹ ಭಾಗಗಳನ್ನು ತೆಗೆಯಿಸಬೇಕೆಂದೂ ಹೆಸರನ್ನು ಬದಲಾಯಿಸಬೇಕೆಂದೂ ಸಲಹೆಯಿತ್ತರು. ಲೇಖಕಿ ಎರಡಕ್ಕೂ ಒಪ್ಪಲಿಲ್ಲ. ಆ ರಾಜಕಾರಣಿಯ ಕೈಗೆ ಹಸ್ತಪ್ರತಿ ಹೋಗಿದ್ದರೆ ಮೊದಲು ಅಳಿಸಿಹೋಗುತ್ತಿದ್ದ ಪುಟಗಳೇ ಕೃತಿಯ ಅತ್ಯಂತ ಸತ್ತ್ವಯುತವಾದ ಪುಟಗಳೆಂಬುದನ್ನು ಮುಂದೆ ಕಾಣುವೆವು.

ಕಥೆ ಮಾರ್ತಾ ಎಂಬವಳ ಆತ್ಮಕಥನದ ರೂಪದಲ್ಲಿದೆ. ಅವಳು ಸೇನಾಪತಿಯ ಮಗಳು. ಹದಿನೇಳನೆಯ ವಯಸ್ಸಿನಲ್ಲಿ, ತಾನು ಹೆಣ್ಣಾಗಿ ಹುಟ್ಟಿದ್ದರಿಂದ ರಣಾಂಗಣದ ಕೀರ್ತಿ ತನಗಿಲ್ಲವಲ್ಲಾ ಎಂದು ಕೊರಗುತ್ತಾಳೆ. ತರುಣ ಅಧಿಕಾರಿ ಡೋಟ್ಸ್ಕಿಯನ್ನು ಮದುವೆಯಾಗುತ್ತಾಳೆ. ತೊಟ್ಟಿಲ ಕೂಸಿಗೂ ವಿನೋದಕ್ಕೆಂದು ಸೇನೆಯ ಹುದ್ದೆ ಕೊಟ್ಟು ಬಡ್ತಿ ನೀಡುವ ಸಂಸಾರ ಅದು. ೧೮೫೯ರ ಇಟಲಿಯ ಯುದ್ಧದಲ್ಲಿ ಗಂಡ ಮಡಿಯುತ್ತಾನೆ. ಅನಂತರ ಅವಳು ಟಿಲಿಂಗ್ ಎಂಬ ಅಧಿಕಾರಿಯ ಕೈಹಿಡಿಯುತ್ತಾಳೆ. ಈತ ಯುದ್ಧ ಮಾಡುವವನು, ಆದರೆ ಯುದ್ಧವನ್ನು ದ್ವೇಷಿಸುವವನು. ೧೮೬೪ರಲ್ಲಿ ಡೆನ್ಮಾರ್ಕಿನೊಡನೆ, ೧೮೬೬ರಲ್ಲಿ ಪ್ರಷ್ಯದೊಡನೆ ನಡೆದ ಕಾಳಗಗಳಿಗೆ ಆತ ಹೋಗಬೇಕಾಗುತ್ತದೆ. ಎರಡನೆಯ ಯುದ್ಧದ ಬೆನ್ನಿಗೇ ಬಂದ ಕಾಲರಾ ಮಾರ್ತಾಳ ತಂಗಿಯರನ್ನೂ ತಮ್ಮನನ್ನೂ ಒಯ್ಯುತ್ತದೆ. ವೃದ್ಧ ಸೇನಾಪತಿ ಆ ದುಃಖದಲ್ಲಿಯೇ ಅಸುನೀಗುತ್ತಾನೆ. ಕಡೆಗೆ ೧೮೭೦-೭೧ರ ಯುದ್ಧಕಾಲದಲ್ಲಿ ಪ್ಯಾರಿಸಿನಲ್ಲಿದ್ದ ಟಿಲಿಂಗನನ್ನು ಪ್ರಷ್ಯದ ಗೂಢಚಾರನೆಂದು ಶಂಕಿಸಿ ಗುಂಡಿಕ್ಕಲಾಗುತ್ತದೆ. ಹನ್ನೆರಡು ವರ್ಷಗಳಲ್ಲಿ ನಾಲ್ಕು ಯುದ್ಧಗಳು, ಒಂದು ಸಂಸಾರ: ಕಥಾವಸ್ತು ಇಷ್ಟೇ.

ಈ ಕೃತಿಯನ್ನು ಓದಿದ ಟಾಲ್‌ಸ್ಟಾಯ್ ೧೮೯೧ರಲ್ಲಿ ಲೇಖಕಿಗೆ ಪತ್ರ ಬರೆದರು. ಗುಲಾಮಗಿರಿಯ ನಿರ್ಮೂಲನಕ್ಕೆ ಮುನ್ನ ಶ್ರೀಮತಿ ಸ್ಟೋ ಅವರ ಗ್ರಂಥ ಬಂದಂತೆ, ಯುದ್ಧದ ನಿರ್ಮೂಲನಕ್ಕೆ ಈ ಗ್ರಂಥ ಮುನ್ನುಡಿಯಾಗಲಿ ಎಂಬ ಹಾರೈಕೆ ಅದರಲ್ಲಿತ್ತು. ಆದರೆ ತಮ್ಮ ದಿನಚರಿಯಲ್ಲಿ ಅದೇ ಮಹನೀಯರು, ಗಾಢವಾದ ನಂಬಿಕೆ ಕಾಣುತ್ತದೆ, ಪ್ರತಿಭೆ ಕಾಣುವುದಿಲ್ಲ ಎಂಬ ಭಾವದ ಮಾತನ್ನು ಬರೆದಿಟ್ಟರು. ಪತ್ರದಲ್ಲಿ ಹೊಗಳಿಕೆ, ದಿನಚರಿಯಲ್ಲಿ ತೆಗಳಿಕೆ. ಮುಂದಿನ ವಿಮರ್ಶೆಯೆಲ್ಲ ಬಹುಮಟ್ಟಿಗೆ ಈ ಎರಡು ಮಾತುಗಳ ಪುನರುಕ್ತಿ. ‘ಯುದ್ಧ ಮತ್ತು ಶಾಂತಿ’ಯನ್ನು ಬರೆದವರ ಮಾತನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೂ ಅವರು ಯಾವ ಬಗೆಯ ಪ್ರತಿಭೆಯನ್ನು ಇಲ್ಲಿ ಅರಸಿದರು ಎಂದು ಕೇಳುವ ಅಧಿಕಾರ ನಮಗಿದೆ.

ದೋಷಗಳನ್ನು ಮೊದಲು ಒಪ್ಪಿಕೊಳ್ಳೋಣ. ಕಾದಂಬರಿಯಲ್ಲಿ ವಾದ ಹೆಚ್ಚು. ಊಟದ ಮೇಜಿನ ಸುತ್ತ ಸೇನಾಪತಿ, ಮಂತ್ರಿ, ವೈದ್ಯ ಎಲ್ಲರೂ ಸೇರಿ ಯುದ್ಧದ ಗುಣಾವಗುಣಗಳನ್ನು ಚರ್ಚಿಸುತ್ತಾರೆ. ಯುದ್ಧದ ಪಕ್ಷ ಹಿಡಿದವರು ಸೋಲುವುದಕ್ಕೆಂದೇ ಮಾತಾಡುವಂತೆ ತೋರುತ್ತದೆ. ಟಿಲಿಂಗ್ ಪತಿಯಾಗಿ ಮನಮುಟ್ಟುವನಾದರೂ ಚರ್ಚೆಗೆ ನಿಂತೊಡನೆ ಉಪನ್ಯಾಸಕನಾಗುತ್ತಾನೆ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಮಮ್ಮಟನು ಕಾವ್ಯದ ಉಪದೇಶವನ್ನು ಕಾಂತಾಸಂಮಿತವೆಂದು ಕರೆದನು. ಅದು ಪ್ರಭುವಿನಂತೆ ಆಜ್ಞಾಪಿಸದೆ, ಮಿತ್ರನಂತೆ ಬುದ್ಧಿ ಹೇಳದೆ, ಪ್ರಿಯೆಯಂತೆ ಮನವೊಲಿಸುವುದು. ಸುಟ್ನರ್ ಅವರ ಕೃತಿಯಲ್ಲಿ ಮಿತ್ರಸಂಮಿತದ ಪುಟಗಳು ಅನೇಕ. ಅಷ್ಟೂ ಪುಟಗಳಲ್ಲಿ ರಸಕ್ಕೆ ಭಂಗ ಬರುತ್ತದೆಂಬುದು ನಿಜ.

ಆದರೆ ಈ ವರ್ಗೀಕರಣಕ್ಕೆ ಸಿಕ್ಕದ ಇನ್ನೊಂದು ಧ್ವನಿ ಈ ಕಾದಂಬರಿಯಲ್ಲಿದೆ. ಅದು ಸಾಕ್ಷಿಯ ಧ್ವನಿ. ಮಾರ್ತಾ ತನ್ನ ಕೆಂಪು ರಟ್ಟಿನ ದಿನಚರಿಗಳನ್ನು ಮುಂದಿಟ್ಟುಕೊಂಡು ಹಿಂದಿನದನ್ನು ಬರೆಯುತ್ತಿದ್ದಾಳೆ. ತಾನು ಆಗ ಏನು ನಂಬಿದ್ದೆ, ಪತ್ರಿಕೆ ಏನು ಬರೆದಿತ್ತು, ಸರಕಾರ ಏನು ಸಾರಿತ್ತು, ನಡೆದುದು ಏನು ಎಂದು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡುತ್ತಾಳೆ. ೧೮೬೪ರ ಯುದ್ಧಕ್ಕೆ ಕಾರಣವಾದ ಷ್ಲೆಸ್ವಿಗ್–ಹೋಲ್‌ಸ್ಟೈನ್ ವಿವಾದವನ್ನು ಅರಿಯಲೆಂದು ಇತಿಹಾಸಗ್ರಂಥಗಳನ್ನು ತರಿಸಿ ಓದುತ್ತಾಳೆ; ಓದಿದಷ್ಟೂ ಒಪ್ಪಂದ, ವಂಶಾವಳಿ, ಹಕ್ಕುಬಾಧ್ಯತೆಗಳ ಗೋಜಲು ಬೆಳೆಯುತ್ತದೆ; ಆ ಗೋಜಲಿಗಾಗಿ ತನ್ನ ಗಂಡ ಪ್ರಾಣವನ್ನು ಪಣವಾಗಿಡಬೇಕಾಗಿದೆ. ೧೮೬೬ರಲ್ಲಿ ಎದುರುಬದುರಾದ ರಾಜರ ಘೋಷಣೆಗಳನ್ನು ಜೊತೆಜೊತೆಯಾಗಿ ಓದುತ್ತಾಳೆ: ಎರಡರಲ್ಲಿಯೂ ನ್ಯಾಯ ತಮ್ಮ ಕಡೆಗೆ, ದೇವರೂ ತಮ್ಮ ಕಡೆಗೆ. ಇಲ್ಲಿ ಲೇಖಕಿ ವಾದ ಹೂಡುವುದಿಲ್ಲ, ಕಾಗದಪತ್ರಗಳನ್ನು ನಮ್ಮ ಮುಂದಿಡುತ್ತಾರೆ. ವ್ಯಂಗ್ಯ ತಾನಾಗಿ ಹೊಮ್ಮುತ್ತದೆ.

ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಈ ರೀತಿ ಹೊಸದಲ್ಲ. ಖಾತೆಯ ಪುಟದಲ್ಲಿ ಮೊತ್ತ ಸರಿಯಾಗಿರಬಹುದು, ಕೆಳಗೆ ದೊಡ್ಡವರ ರುಜುವೂ ಇರಬಹುದು. ಆದರೂ ಲೆಕ್ಕ ತನಿಖೆ ಮಾಡುವವನು ಮೂಲ ಚೀಟಿಯನ್ನು ಕೇಳುತ್ತಾನೆ, ಎರಡನ್ನೂ ತಾಳೆ ನೋಡುತ್ತಾನೆ. ವಿಜಯ, ಮಾನ, ಗಡಿ ಎಂದು ಜಮೆಯ ಕಡೆಯಲ್ಲಿ ಬರೆದುದಕ್ಕೆ ಖರ್ಚಿನ ಕಡೆಯಲ್ಲಿ ಏನಿದೆಯೆಂದು ಕೇಳುವುದೇ ಮಾರ್ತಾಳ ಕೆಲಸ. ಅಧಿಕಾರದ ಸಭೆಗಳಲ್ಲಿ ಸ್ಥಾನವಿಲ್ಲದ ಹೆಣ್ಣು, ಆ ಸಭೆಗಳ ತೀರ್ಮಾನಗಳನ್ನು ಮನೆಯಲ್ಲಿ ಕುಳಿತು ತನಿಖೆ ಮಾಡುವುದು: ಇದು ೧೮೮೯ರಲ್ಲಿ ಹೊಸ ಕಥನಕ್ರಮ. ಪ್ರಕಾಶಕರು ರಾಜಕಾರಣಿಯಿಂದ ತಿದ್ದಿಸಬಯಸಿದುದು ಏಕೆಂಬುದೂ ಇದರಿಂದ ವಿಶದವಾಗುತ್ತದೆ. ಕೇವಲ ಕಣ್ಣೀರಾಗಿದ್ದರೆ ಯಾವ ರಾಜಕಾರಣಿಯೂ ಅದಕ್ಕೆ ಅಂಜಬೇಕಾಗಿರಲಿಲ್ಲ.

ಈ ಕ್ರಮ ಪರಾಕಾಷ್ಠೆಗೆ ಮುಟ್ಟುವುದು ಬೊಹೀಮಿಯದ ರಣಭೂಮಿಯ ಪ್ರಕರಣದಲ್ಲಿ. ಗಂಡನ ಸುದ್ದಿ ತಿಳಿಯದೆ ಮಾರ್ತಾ ಅಲ್ಲಿಗೆ ಹೊರಡುತ್ತಾಳೆ. ಗಾಯಾಳುಗಳ ಶುಶ್ರೂಷೆಗೆ ಹೆಸರಾದ ಡ್ರೆಸ್ಡನ್ನಿನ ಶ್ರೀಮತಿ ಸೈಮನ್ ಎಂಬ ಐತಿಹಾಸಿಕ ವ್ಯಕ್ತಿಯೂ ಈ ಭಾಗದಲ್ಲಿ ಕಾಣಿಸಿಕೊಳ್ಳುತ್ತಾರೆ. ನೀರಿಲ್ಲದೆ, ಕಟ್ಟುಬಟ್ಟೆಯಿಲ್ಲದೆ ಬಿದ್ದಿರುವ ಸೈನಿಕರ ವರ್ಣನೆಯಲ್ಲಿ ಅಲಂಕಾರದ ಸುಳಿವಿಲ್ಲ. ಯುದ್ಧಕ್ಕೆ ಹೋಗಿಬಂದವರನ್ನು ಕೇಳಿ, ಸೇನೆಯ ವೈದ್ಯರ ವರದಿಗಳನ್ನು ಓದಿ ಲೇಖಕಿ ಇದನ್ನು ಸಿದ್ಧಪಡಿಸಿದರು. ನಮಗೆ ಇಲ್ಲಿ ಮಹಾಭಾರತದ ಸ್ತ್ರೀಪರ್ವ ನೆನಪಾಗದಿರದು. ಗಾಂಧಾರಿಯೂ ದಿವ್ಯದೃಷ್ಟಿಯಿಂದ ಕುರುಕ್ಷೇತ್ರವನ್ನು ನೋಡಿ, ಸತ್ತವರನ್ನು ಒಬ್ಬೊಬ್ಬರನ್ನಾಗಿ ಗುರುತಿಸಿ, ಕೃಷ್ಣನನ್ನೇ ಶಪಿಸುತ್ತಾಳೆ. ಕಾವ್ಯವಾಗಿ ಆ ಪರ್ವದ ಎತ್ತರಕ್ಕೆ ಈ ಕಾದಂಬರಿ ಏರಲಾರದು. ಆದರೆ ಒಂದು ಭೇದವುಂಟು. ಗಾಂಧಾರಿಯ ಶೋಕ ಎಲ್ಲವೂ ಮುಗಿದ ಮೇಲಿನದು; ಅದಕ್ಕೆ ಉಳಿದಿರುವ ದಾರಿ ಶಾಪವೊಂದೇ. ಮಾರ್ತಾಳ ಪಾಲಿಗೆ ಮುಂದಿನ ಯುದ್ಧ ಇನ್ನೂ ಬರಬೇಕಾಗಿದೆ; ಆದ್ದರಿಂದ ಅವಳ ಶೋಕ ಪ್ರಶ್ನೆಯಾಗುತ್ತದೆ.

ಈ ಸಾಕ್ಷ್ಯಕ್ಕೂ ಮಿತಿಯಿದೆ. ಮಾರ್ತಾ ಶ್ರೀಮಂತಳು, ಅವಳಿಗೆ ಪುಸ್ತಕ ತರಿಸುವ ಶಕ್ತಿಯಿದೆ, ಮಂತ್ರಿಗಳ ಪರಿಚಯವಿದೆ. ಸಾಮಾನ್ಯ ಸೈನಿಕನ ಹೆಂಡತಿ, ತುಳಿದುಹೋದ ಹೊಲದ ಒಡೆಯ ಇವರು ಅವಳ ಕಣ್ಣಿಗೆ ಬೀಳುತ್ತಾರೆ, ಆದರೆ ತಾವಾಗಿ ಮಾತಾಡುವುದು ಅಪೂರ್ವ. ಕೃತಿಯ ಖರ್ಚಿನ ಪಟ್ಟಿ ಅಷ್ಟರಮಟ್ಟಿಗೆ ಅಪೂರ್ಣ. ಟಾಲ್‌ಸ್ಟಾಯ್ ಅವರಿಗೆ ಕೊರತೆಯೆನಿಸಿದ್ದರಲ್ಲಿ ಇದೂ ಸೇರಿದ್ದರೆ ಅವರ ಮಾತು ಒಪ್ಪತಕ್ಕದ್ದೇ. ಆದರೆ ಕಾಗದಪತ್ರಗಳನ್ನು ತಾಳೆ ನೋಡುವ ಬುದ್ಧಿಯನ್ನೇ ಪ್ರತಿಭೆಯಲ್ಲವೆಂದು ತಳ್ಳಿಹಾಕುವುದು ಸರಿಯಲ್ಲ.

ಅವರ ಹಾರೈಕೆಯನ್ನೂ ಇದೇ ರೀತಿ ಪರೀಕ್ಷಿಸಬೇಕು. ಗುಲಾಮಗಿರಿ ಒಂದು ದೇಶದ ಕಾನೂನಿನ ಆಸರೆಯಲ್ಲಿ ನಿಂತಿತ್ತು; ಅದನ್ನು ಆ ದೇಶವೇ ರದ್ದುಮಾಡಬಹುದಾಗಿತ್ತು. ಆಗಲೂ ಅಮೆರಿಕದಲ್ಲಿ ಅದು ಅಳಿದದ್ದು ಭೀಕರವಾದ ಅಂತರ್ಯುದ್ಧದ ಮೂಲಕ. ಯುದ್ಧವನ್ನಾದರೋ ಯಾವ ಒಂದು ದೇಶವೂ ಒಬ್ಬಂಟಿಯಾಗಿ ರದ್ದುಮಾಡಲಾರದು. ಸುಟ್ನರ್ ಇದನ್ನು ಅರಿತಿದ್ದರು. ಆದುದರಿಂದಲೇ ಕಾದಂಬರಿಗೆ ತೃಪ್ತರಾಗದೆ ೧೮೯೧ರಲ್ಲಿ ಆಸ್ಟ್ರಿಯದ ಶಾಂತಿಸಂಘವನ್ನು ಕಟ್ಟಿದರು. ೧೮೯೨ರಿಂದ ೧೮೯೯ರವರೆಗೆ ಕಾದಂಬರಿಯ ಹೆಸರಿನಲ್ಲೇ ಪತ್ರಿಕೆ ನಡೆಸಿದರು. ೧೮೯೯ರ ಹೇಗ್ ಸಮ್ಮೇಳನಕ್ಕೆ ಹೋಗಿ, ರಾಷ್ಟ್ರಗಳ ನಡುವಣ ವ್ಯಾಜ್ಯಗಳಿಗೆ ಪಂಚಾಯಿತಿಯ ನ್ಯಾಯಾಲಯ ಬೇಕೆಂಬ ಪಕ್ಷಕ್ಕೆ ಬೆಂಬಲ ಕೂಡಿಸಿದರು. ವಾರ್ಸಾದ ಬ್ಯಾಂಕರ್ ಇವಾನ್ ಬ್ಲಾಖ್ ಅವರೂ ಆ ಸಂದರ್ಭದಲ್ಲಿ ಅಲ್ಲಿದ್ದರು. ಮುಂದಿನ ಯುದ್ಧದಲ್ಲಿ ಗೆಲುವೆಂಬುದೇ ಇರದು, ಕಂದಕಗಳಲ್ಲಿ ಸೇನೆಗಳೂ ಸಾಲದಲ್ಲಿ ಬೊಕ್ಕಸಗಳೂ ಹೂತುಹೋಗುವುವು ಎಂದು ಅಂಕಿ ಅಂಶಗಳಿಂದ ತೋರಿಸುವ ಬೃಹದ್ಗ್ರಂಥವನ್ನು ಅವರು ೧೮೯೮ರಲ್ಲಿ ಪ್ರಕಟಿಸಿದ್ದರು. ೧೯೦೫ರಲ್ಲಿ ಸುಟ್ನರ್ ಅವರಿಗೆ ನೊಬೆಲ್ ಶಾಂತಿ ಪಾರಿತೋಷಕ ಬಂದಿತು. ಅದನ್ನು ಪಡೆದ ಮೊದಲ ಮಹಿಳೆ ಅವರೇ. ವಾಯುಯಾನ ಇನ್ನೂ ಬಾಲ್ಯದಲ್ಲಿದ್ದ ೧೯೧೨ರಲ್ಲಿಯೇ ಆಕಾಶದಿಂದ ನಡೆಯಬಹುದಾದ ಯುದ್ಧವನ್ನು ಕುರಿತು ಎಚ್ಚರಿಸಿ ಪುಸ್ತಿಕೆ ಬರೆದರು. ೧೯೧೪ರ ಜೂನ್ ೨೧ರಂದು ತೀರಿಕೊಂಡರು. ಏಳು ದಿನಗಳ ಮೇಲೆ ಸರಯೇವೊದಲ್ಲಿ ಗುಂಡು ಹಾರಿತು. ಆ ವರ್ಷ ವಿಯೆನ್ನಾದಲ್ಲಿ ಸೇರಬೇಕಾಗಿದ್ದ ಶಾಂತಿ ಸಮ್ಮೇಳನ ಸೇರಲೇ ಇಲ್ಲ.

ಹಾಗಾದರೆ ಗ್ರಂಥ ಸೋತಿತೇ? ಯುದ್ಧ ನಿಂತಿತೋ ಇಲ್ಲವೋ ಎಂಬುದೊಂದೇ ಮಾನದಂಡವಾದರೆ, ಸೋತಿತು. ಆದರೆ ಅದು ತೋರಿದ ಕ್ರಮ ಸೋಲಲಿಲ್ಲ. ಬೋಯರ್ ಯುದ್ಧಕಾಲದಲ್ಲಿ ಎಮಿಲಿ ಹಾಬ್‌ಹೌಸ್ ಎಂಬ ಆಂಗ್ಲ ಮಹಿಳೆ ದಕ್ಷಿಣ ಆಫ್ರಿಕಕ್ಕೆ ಹೋಗಿ, ತನ್ನ ದೇಶದ ಸೇನೆಯೇ ಹೆಂಗಸರನ್ನೂ ಮಕ್ಕಳನ್ನೂ ಕೂಡಿಹಾಕಿದ್ದ ಶಿಬಿರಗಳನ್ನು ಕಣ್ಣಾರೆ ನೋಡಿ, ೧೯೦೧ರಲ್ಲಿ ವರದಿ ಪ್ರಕಟಿಸಿದರು. ಸರಕಾರ ಮಹಿಳೆಯರದೇ ಒಂದು ವಿಚಾರಣಾ ಮಂಡಲಿಯನ್ನು ಕಳುಹಬೇಕಾಯಿತು. ೧೯೧೫ರಲ್ಲಿ ಯುದ್ಧದ ನಡುವೆಯೇ ಹೇಗ್ ನಗರದಲ್ಲಿ ಜೇನ್ ಆಡಮ್ಸ್ ಅವರ ಅಧ್ಯಕ್ಷತೆಯಲ್ಲಿ ಮಹಿಳೆಯರ ಸಮ್ಮೇಳನ ಸೇರಿತು. ಅಲ್ಲಿಂದ ಹೊರಟ ನಿಯೋಗಗಳು ಕಾದಾಡುತ್ತಿದ್ದ ದೇಶಗಳ ಮಂತ್ರಿಗಳನ್ನೇ ಕಂಡು ಪ್ರಶ್ನಿಸಿದುವು. ಇವರು ಸುಟ್ನರ್ ಅವರ ಶಿಷ್ಯರೆಂದು ಹೇಳುವುದು ನನ್ನ ಇಂಗಿತವಲ್ಲ. ಅಧಿಕೃತವಾದ ಮಾತನ್ನು ಕಣ್ಣಾರೆ ಕಂಡ ಸಂಗತಿಯೊಡನೆ ತಾಳೆ ನೋಡುವ ರೀತಿ ಇವರೆಲ್ಲರಿಗೂ ಸಮಾನವಾದುದೆಂದಷ್ಟೇ ಹೇಳಬಯಸುತ್ತೇನೆ.

‘ಉದ್ದೇಶ ಒಳ್ಳೆಯದು, ಕಲೆ ಸಾಲದು’ ಎಂಬ ತೀರ್ಪನ್ನು ಆದುದರಿಂದ ತಿದ್ದಿಕೊಳ್ಳುವುದು ಉಚಿತ. ಕೃತಿ ಸೊರಗುವುದು ಉದ್ದೇಶದಿಂದಲ್ಲ, ಉದ್ದೇಶವನ್ನು ಬಾಯಿಬಿಟ್ಟು ಹೇಳುವಲ್ಲಿ. ಅದೇ ಉದ್ದೇಶ ಸಾಕ್ಷ್ಯವಾದಲ್ಲಿ ಕಲೆಯೂ ಕೈಗೂಡುತ್ತದೆ. ಯುದ್ಧದ ಘೋಷಣೆಗಳು ಇಂದಿಗೂ ಹೊರಡುತ್ತಿವೆ. ಅವುಗಳ ಭಾಷೆ ೧೮೬೬ರ ಭಾಷೆಗಿಂತ ಬಹಳ ಭಿನ್ನವಾಗಿಲ್ಲ. ಅವನ್ನು ಓದುವಾಗ ಪಕ್ಕದಲ್ಲಿ ಇನ್ನೊಂದು ಕಾಗದವನ್ನೂ ಇಟ್ಟುಕೊಳ್ಳಬೇಕೆಂಬ ಅಭ್ಯಾಸವನ್ನು ವಾಚಕನಲ್ಲಿ ಬೆಳೆಸುವ ಕಾದಂಬರಿಗೆ ಸಾಹಿತ್ಯದಲ್ಲಿ ಸ್ಥಾನವಿಲ್ಲವೆಂದು ಹೇಳುವವರು, ಸಾಹಿತ್ಯದಿಂದ ತಾವು ನಿರೀಕ್ಷಿಸುವುದೇನೆಂಬುದನ್ನು ಮೊದಲು ಸ್ಪಷ್ಟಪಡಿಸಬೇಕು.