ಘನೀಭವನಬಿಂದುವಿನ ಇಳಿತ: ಬೆಕ್‌ಮನ್ನನ ವಿಧಾನದ ವಿಮರ್ಶೆ

ದ್ರಾವಕದಲ್ಲಿ ಅನ್ಯವಸ್ತುವು ಕರಗಿದಾಗ ಅದರ ಘನೀಭವನಬಿಂದು ಇಳಿಯುವುದೆಂಬುದೂ, ಆ ಇಳಿತದಿಂದ ಕರಗಿದ ವಸ್ತುವಿನ ಅಣುಭಾರವನ್ನು ಗಣಿಸಬಹುದೆಂಬುದೂ ಫ್ರಾನ್ಸಿನ ರೌಲ್ಟನು 1882ರಿಂದ ಮುಂದೆ ನಡೆಸಿದ ಪ್ರಯೋಗಗಳಿಂದ ಸ್ಥಿರಪಟ್ಟಿತು. 1888ರಲ್ಲಿ ಜರ್ಮನಿಯ ಬೆಕ್‌ಮನ್ನನು ರಚಿಸಿದ ಉಪಕರಣವು ಈ ಕಾರ್ಯವನ್ನು ಸುಲಭಗೊಳಿಸಿತು. ಅವನ ಉಷ್ಣಮಾಪಕದಲ್ಲಿ ಡಿಗ್ರಿಯ ಶತಾಂಶವನ್ನು ನೇರವಾಗಿಯೂ ಸಹಸ್ರಾಂಶವನ್ನು ಮಸೂರದ ಸಹಾಯದಿಂದಲೂ ಓದಬಹುದು. ಆದರೆ ಸೂಕ್ಷ್ಮವಾಗಿ ಓದಿದ ಮಾತ್ರಕ್ಕೆ ಆ ಉಷ್ಣತೆಯು ಘನೀಭವನಬಿಂದುವಾಗದು. ಈ ವಿಧಾನದ ಮುಖ್ಯದೋಷವು ಓದುವಿಕೆಯಲ್ಲಿಲ್ಲ. ಓದಲ್ಪಡುವ ಉಷ್ಣತೆಯಲ್ಲಿಯೇ ಇದೆ.

ಮೊದಲನೆಯದು ಅತಿಶೈತ್ಯ. ದ್ರಾವಣವು ತನ್ನ ಘನೀಭವನಬಿಂದುವಿಗಿಂತ ಕೆಳಗಿಳಿದು, ಅನಂತರ ಒಮ್ಮೆಲೇ ಹೆಪ್ಪುಗಟ್ಟತೊಡಗುವುದು. ನೀರಿನ ಗುಪ್ತೋಷ್ಣವು ಗ್ರಾಮಿಗೆ ಸುಮಾರು 80 ಕ್ಯಾಲೊರಿಗಳಾದುದರಿಂದ, ಒಂದು ಡಿಗ್ರಿಯ ಅತಿಶೈತ್ಯಕ್ಕೆ ನೀರಿನ ಎಂಬತ್ತನೆಯ ಒಂದು ಪಾಲು ಮಂಜುಗಡ್ಡೆಯಾಗಿ ಬೇರ್ಪಡುವುದು. ಉಳಿದ ದ್ರಾವಣವು ನೂರಕ್ಕೆ ಸುಮಾರು 1.25ರಷ್ಟು ಸಾಂದ್ರವಾಗುವುದು. ಇದನ್ನು ಲೆಕ್ಕದಿಂದ ತಿದ್ದಿಕೊಳ್ಳಬಹುದು.

ಎರಡನೆಯ ದೋಷವು ಅಷ್ಟು ಸುಲಭವಾಗಿ ತಿದ್ದತಕ್ಕದ್ದಲ್ಲ. ಹೊರಗಿನ ಶೈತ್ಯಮಿಶ್ರಣವು ಶಾಖವನ್ನು ಸೆಳೆಯುತ್ತದೆ. ಕಲಕುವಿಕೆಯೂ ಹುಟ್ಟುತ್ತಿರುವ ಮಂಜುಗಡ್ಡೆಯೂ ಶಾಖವನ್ನು ಕೊಡುತ್ತವೆ. ಈ ಆಯವ್ಯಯಗಳು ಸರಿದೂಗಿದೆಡೆಯಲ್ಲಿ ಪಾದರಸವು ನಿಲ್ಲುವುದು. ಮಿಶ್ರಣವು ಅತಿಯಾಗಿ ತಣ್ಣಗಿದ್ದು ಹರಳುಗಳು ವಿರಳವಾಗಿದ್ದರೆ ಆ ನಿಲುಗಡೆಯು ನಿಜವಾದ ಬಿಂದುವಿಗಿಂತ ಕೆಳಗಿರುವುದೆಂದು ನರ್ನ್‌ಸ್ಟ್ ಮತ್ತು ಅಬೆಗ್ 1894ರಲ್ಲಿ ತೋರಿಸಿದರು. ಶುದ್ಧಜಲಕ್ಕೂ ದ್ರಾವಣಕ್ಕೂ ಈ ದೋಷವು ಸಮವಾಗಿದ್ದರೆ ಕಳೆಯುವಾಗ ಅಳಿಸಿಹೋಗುತ್ತಿತ್ತು. ಹರಳುಗಳ ಪ್ರಮಾಣವೂ ಬೆಳೆಯುವ ವೇಗವೂ ಎರಡರಲ್ಲಿ ಬೇರೆಯಾದುದರಿಂದ ಅದು ಉಳಿದುಬಿಡುತ್ತದೆ.

ಇದರ ಪರಿಣಾಮವು ಅಲ್ಪವಲ್ಲ. ವಾಂಟ್‌ಹಾಫನ ಸಿದ್ಧಾಂತದಂತೆ 1000 ಗ್ರಾಂ ನೀರಿನಲ್ಲಿ ಒಂದು ಗ್ರಾಂ-ಅಣು ಸಕ್ಕರೆಗೆ 1.86 ಡಿಗ್ರಿಯ ಇಳಿತವು ಸಲ್ಲುತ್ತದೆ. ಅದರ ನೂರನೆಯ ಒಂದು ಪಾಲು ಸಕ್ಕರೆಯಿದ್ದಲ್ಲಿ ಇಳಿತವು 0.0186 ಡಿಗ್ರಿ ಮಾತ್ರ, ಅಲ್ಲಿ 0.002 ಡಿಗ್ರಿಯ ತಪ್ಪು ನೂರಕ್ಕೆ ಹತ್ತನ್ನು ಮೀರುತ್ತದೆ. ನೀರಿನಲ್ಲಿ ಕರಗಿದ ಗಾಳಿಯೊಂದೇ ಅದರ ಬಿಂದುವನ್ನು ಸುಮಾರು 0.0024 ಡಿಗ್ರಿಯಷ್ಟು ಇಳಿಸಬಲ್ಲದು. ಸಕ್ಕರೆಯ ತೆಳುದ್ರಾವಣಗಳಲ್ಲಿ ಕೆಲವರಿಗೆ 1.86ರ ಬದಲು 2ಕ್ಕೆ ಮೀರಿದ ಬೆಲೆ ದೊರೆತು, ಸಿದ್ಧಾಂತವು ಎಲ್ಲಿ ಅತ್ಯಂತ ನಿಜವಾಗಬೇಕೋ ಅಲ್ಲಿಯೇ ಅದರ ಮೇಲೆ ಸಂದೇಹವುಂಟಾಯಿತು. ದೋಷವು ಸಿದ್ಧಾಂತದ್ದಲ್ಲ, ಉಪಕರಣದ ಬಳಕೆಯದು.

ಸಾವಯವ ರಸಾಯನಜ್ಞನಿಗೆ ಒಂದು ಸೂತ್ರವನ್ನೂ ಅದರ ಇಮ್ಮಡಿಯನ್ನೂ ಬೇರ್ಪಡಿಸುವುದಷ್ಟೇ ಬೇಕಾದಲ್ಲಿ ಬೆಕ್‌ಮನ್ನನ ವಿಧಾನವು ಸಾಕು. ಸಿದ್ಧಾಂತದ ಪರೀಕ್ಷೆಗಾದರೋ, ಮಿಶ್ರಣವನ್ನು ಬಿಂದುವಿಗಿಂತ ಸ್ವಲ್ಪವೇ ತಣ್ಣಗಿಟ್ಟು, ಹೇರಳವಾದ ಮಂಜುಗಡ್ಡೆಯೊಡನೆ ಸಮತೋಲವನ್ನು ಪಡೆದು, ಆಗ ಉಳಿದ ದ್ರವದ ಸಾಂದ್ರತೆಯನ್ನೇ ಅಳೆಯತಕ್ಕದ್ದು. ಹೀಗೆ ಮಾಡಿದಲ್ಲಿ ಅತಿಶೈತ್ಯದ ತಿದ್ದುಪಡಿಯೂ ಅನಾವಶ್ಯಕವಾಗುವುದು.